ಹೈವೇ ಫುಟ್‌ರೆಸ್ಟ್ ಹಾಕಿಸಿದರೆ ಸೊಂಟನೋವು ಮಾಯವೇ? ಘಾಟಿಯ ತಿರುವಿನಲ್ಲಿ ಏನಾಗುತ್ತದೆ?

ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಣ್ಣ ವಿಡಿಯೋ ಓಡಾಡುತ್ತಿದೆ. ಬುಲೆಟ್‌ನ ಲೆಗ್ ಗಾರ್ಡಿಗೆ ಎರಡು ಫುಟ್‌ರೆಸ್ಟ್ ಬಿಗಿದು, ಸವಾರ ಕಾಲು ಮುಂದಕ್ಕೆ ಚಾಚಿ ಆರಾಮಾಗಿ ಹೋಗುತ್ತಿದ್ದಾನೆ. ಕೆಳಗೆ ಬರಹ: "ಹೈವೇ ಫುಟ್‌ರೆಸ್ಟ್ ಹಾಕಿಸಿ, ಸೊಂಟನೋವು ಮರೆತುಬಿಡಿ. ಯಾವ ಬೈಕ್‌ಗಾದರೂ ಹತ್ತು ನಿಮಿಷದ ಕೆಲಸ. ತಿರುವಿನಲ್ಲೂ ಏನೂ ತೊಂದರೆ ಇಲ್ಲ. ಎಲ್ಲ ಬೈಕ್ ಗೆಳೆಯರಿಗೂ ಕಳಿಸಿ."

ತಿಪಟೂರು ಕಡೆಯ ಓದುಗರೊಬ್ಬರು ಇದನ್ನು ನಮಗೆ ಕಳಿಸಿ ಹೀಗೆ ಕೇಳಿದ್ದರು: "ಮುಂದಿನ ವಾರ ಅಮ್ಮನನ್ನು ಹಿಂದೆ ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೊರಟಿದ್ದೇನೆ. ಅರಸೀಕೆರೆ, ಬೇಲೂರು, ಮೂಡಿಗೆರೆ ದಾಟಿ ಚಾರ್ಮಾಡಿ ಇಳಿಯಬೇಕು. ನನಗೆ ಸೊಂಟನೋವಿದೆ. ಇದನ್ನು ಹಾಕಿಸಲೇ, ಬೇಡವೇ?"

ಪ್ರಶ್ನೆ ಚಿಕ್ಕದು. ಆದರೆ ಹಿಂದೆ ಕೂತಿರುವುದು ಅಮ್ಮ, ಮುಂದೆ ಇರುವುದು ಘಾಟಿ. ಹಾಗಾಗಿ ವಿಡಿಯೋದ ಒಂದೊಂದು ಮಾತನ್ನೂ ಬೇರೆ ಬೇರೆಯಾಗಿ ನೋಡೋಣ.

ಮೊದಲು ಚುಟುಕಾಗಿ ಉತ್ತರ

ಸೊಂಟಕ್ಕೆ ಸ್ವಲ್ಪ ಹೊತ್ತು ಆರಾಮ ಸಿಗುತ್ತದೆ ಎಂಬುದು ನಿಜ. ನೋವು ಮಾಯವಾಗುತ್ತದೆ ಎಂಬುದು ಸುಳ್ಳು. ತಿರುವಿನಲ್ಲಿ ತೊಂದರೆ ಇಲ್ಲ ಎಂಬುದಂತೂ ಅಪಾಯಕಾರಿ ಸುಳ್ಳು. ಹೈವೇ ಫುಟ್‌ರೆಸ್ಟ್ ಎಂಬುದು ನೇರ ರಸ್ತೆಯಲ್ಲಿ ಕಾಲಿಗೆ ಕೊಡುವ ವಿರಾಮ ಅಷ್ಟೇ. ಬೈಕ್ ಓಡಿಸುವ ಫುಟ್‌ರೆಸ್ಟ್ ಕಂಪನಿಯವರು ಕೊಟ್ಟಿದ್ದು ಮಾತ್ರ. ತಿರುವು ಬರುವ ಮೊದಲೇ ಕಾಲು ಅಲ್ಲಿಗೆ ವಾಪಸ್ ಬಂದಿರಬೇಕು.

ಏನಿದು ಹೈವೇ ಫುಟ್‌ರೆಸ್ಟ್?

ಇಂಗ್ಲಿಷಿನಲ್ಲಿ ಇದಕ್ಕೆ ಹೈವೇ ಪೆಗ್ ಎನ್ನುತ್ತಾರೆ. ಬೈಕ್‌ನ ಮೂಲ ಫುಟ್‌ರೆಸ್ಟ್‌ಗಿಂತ ಒಂದೂವರೆ ಎರಡು ಅಡಿ ಮುಂದೆ, ಸಾಮಾನ್ಯವಾಗಿ ಲೆಗ್ ಗಾರ್ಡಿನ ಪೈಪಿಗೆ ಕ್ಲ್ಯಾಂಪ್ ಹಾಕಿ ಇದನ್ನು ಬಿಗಿಯುತ್ತಾರೆ. ಇದರ ಪಕ್ಕದಲ್ಲಿ ಬ್ರೇಕ್ ಇಲ್ಲ, ಗೇರ್ ಇಲ್ಲ. ಕಾಲಿಡಲು ಒಂದು ಜಾಗ, ಅಷ್ಟೇ.

ಇದು ಹೆಸರು ಮಾಡಿದ್ದು ಅಮೆರಿಕದಲ್ಲಿ. ಅಲ್ಲಿ 1956ರ ಕಾಯ್ದೆಯ ನಂತರ ಕಟ್ಟಿದ ಇಂಟರ್‌ಸ್ಟೇಟ್ ಹೆದ್ದಾರಿಗಳಲ್ಲಿ ಗಂಟೆಗಟ್ಟಲೆ ನೇರವಾಗಿ, ಒಂದೇ ವೇಗದಲ್ಲಿ ಹೋಗಬಹುದು. ಎದುರಿನಿಂದ ವಾಹನ ಬರುವುದಿಲ್ಲ. ಅಡ್ಡರಸ್ತೆಯಿಂದ ಟ್ರ್ಯಾಕ್ಟರ್ ನುಗ್ಗುವುದಿಲ್ಲ. ಹಾರ್ಲೆ ಡೇವಿಡ್‌ಸನ್‌ನಂಥ ಭಾರೀ ಬೈಕ್‌ಗಳ ಸವಾರರು ಅಂಥ ರಸ್ತೆಯಲ್ಲಿ ಕಾಲು ಚಾಚಲು ಇದನ್ನು ಬಳಸುತ್ತಾರೆ. ಅದಕ್ಕೇ ಹೆಸರಿನಲ್ಲಿ 'ಹೈವೇ' ಇದೆ.

ನಮ್ಮಲ್ಲಿ ಅಂಥ ರಸ್ತೆಗೆ ಹತ್ತಿರವಾದವುಗಳಲ್ಲಿ ಒಂದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ. 2023ರ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕ್‌ಗಳಿಗೆ ಪ್ರವೇಶವೇ ಇಲ್ಲ. ಉಳಿದ ಹೆದ್ದಾರಿಗಳಲ್ಲಿ ಊರು ಬಂದಲ್ಲೆಲ್ಲ ಹಂಪ್, ಡಿವೈಡರ್ ನಡುವಿನ ಸಂದಿಯಿಂದ ದಾಟುವ ಜನ, ಎದುರು ದಿಕ್ಕಿನಿಂದ ಬರುವ ಬೈಕ್. ಇನ್ನು ಮಲೆನಾಡು, ಕರಾವಳಿ ಕಡೆಗಿನ ಪ್ರಯಾಣವಾದರೆ ನಾಲ್ಕು ಪಥದ ರಸ್ತೆಯಿಂದ ಶುರುವಾಗಿ ಶಿರಾಡಿ, ಚಾರ್ಮಾಡಿ, ಆಗುಂಬೆಯಂಥ ಘಾಟಿಯಲ್ಲಿ ಮುಗಿಯುತ್ತದೆ. ಒಂದೇ ದಿನ, ಒಂದೇ ಬೈಕ್, ಎರಡು ಬಗೆಯ ರಸ್ತೆ. ಸಮಸ್ಯೆ ಶುರುವಾಗುವುದೇ ಇಲ್ಲಿ.

ಹೇಳಿಕೆ 1: "ಸೊಂಟನೋವು ಮಾಯವಾಗುತ್ತದೆ"
ನಮ್ಮ ತೀರ್ಪು: ಅರ್ಧ ಸತ್ಯ

ಬೈಕ್ ಮೇಲೆ ಎರಡು ಗಂಟೆ ಒಂದೇ ಭಂಗಿಯಲ್ಲಿ ಕೂತರೆ ಮಂಡಿ ಹಿಡಿಯುತ್ತದೆ, ಸೊಂಟ ಬಿಗಿಯುತ್ತದೆ. ಆಗ ಕಾಲು ಚಾಚಿದರೆ ಹಿತವೆನಿಸುವುದು ಸಹಜ. ಆದರೆ ಆ ಹಿತ ಬಂದದ್ದು ಭಂಗಿ ಬದಲಾದದ್ದರಿಂದ, ಕಾಲು ಮುಂದಿಟ್ಟಿದ್ದರಿಂದಲ್ಲ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಒರಗಲು ಏನೂ ಇಲ್ಲದ ಸ್ಟೂಲಿನ ಮೇಲೆ ಕೂತು, ಎರಡೂ ಕಾಲುಗಳನ್ನು ಎದುರಿನ ಇನ್ನೊಂದು ಸ್ಟೂಲಿನ ಮೇಲೆ ಚಾಚಿ. ಐದು ನಿಮಿಷದಲ್ಲಿ ಬೆನ್ನು ತಾನಾಗಿಯೇ ಬಾಗುತ್ತದೆ. ತೊಡೆಯ ಹಿಂಭಾಗದ ಸ್ನಾಯುಗಳು ಸೊಂಟದ ಮೂಳೆಯನ್ನು ಹಿಂದಕ್ಕೆ ಎಳೆಯುವುದರಿಂದ ಹೀಗಾಗುತ್ತದೆ. ಬೈಕ್ ಮೇಲೂ ಇದೇ ಕಥೆ.

ಇನ್ನೊಂದು ವಿಷಯವನ್ನು ವಿಡಿಯೋ ಹೇಳುವುದಿಲ್ಲ. ಗುಂಡಿ ಬಂದಾಗ ನಾವು ಗೊತ್ತಿಲ್ಲದೆಯೇ ಫುಟ್‌ರೆಸ್ಟ್ ಒತ್ತಿ ಸೀಟಿನಿಂದ ತುಸು ಮೇಲೇಳುತ್ತೇವೆ. ಆಗ ಹೊಡೆತವನ್ನು ಮಂಡಿ ಮತ್ತು ತೊಡೆ ತಿನ್ನುತ್ತವೆ, ಬೆನ್ನುಹುರಿ ಅಲ್ಲ. ಕಾಲು ಮುಂದೆ ಚಾಚಿದ್ದರೆ ಹಾಗೆ ಏಳಲು ಆಗುವುದೇ ಇಲ್ಲ. ಇಡೀ ಹೊಡೆತ ನೇರ ಸೊಂಟಕ್ಕೆ. ಅಂದರೆ ಸೊಂಟನೋವಿದೆ ಎಂದು ಹಾಕಿಸಿಕೊಂಡವರಿಗೇ ಗುಂಡಿಯ ರಸ್ತೆಯಲ್ಲಿ ನೋವು ಹೆಚ್ಚಾಗಬಹುದು.

ಹೇಳಿಕೆ 2: "ತಿರುವಿನಲ್ಲಿ ನೆಲಕ್ಕೆ ತಾಗುವುದಿಲ್ಲ, ಗ್ರೌಂಡ್ ಕ್ಲಿಯರೆನ್ಸ್ ಸಾಕಷ್ಟಿದೆ"
ನಮ್ಮ ತೀರ್ಪು: ಸುಳ್ಳು

ಶೋರೂಂ ಕರಪತ್ರದಲ್ಲಿ ಬರೆದಿರುವ ಗ್ರೌಂಡ್ ಕ್ಲಿಯರೆನ್ಸ್ ಬೈಕ್ ನೆಟ್ಟಗೆ ನಿಂತಾಗಿನ ಲೆಕ್ಕ. ಹಂಪ್ ದಾಟಲು ಅದು ಮುಖ್ಯ. ತಿರುವಿನಲ್ಲಿ ಬೈಕ್ ನೆಟ್ಟಗಿರುವುದಿಲ್ಲ, ವಾಲುತ್ತದೆ. ವಾಲಿದಾಗ ಮೊದಲು ನೆಲಕ್ಕೆ ತಾಗುವುದು ಹೊಟ್ಟೆಯ ಭಾಗವಲ್ಲ, ಪಕ್ಕಕ್ಕೆ ಅತಿ ಹೆಚ್ಚು ಚಾಚಿಕೊಂಡಿರುವ ಭಾಗ.

ಬೈಕ್ ಏಕೆ ವಾಲಬೇಕು? ತಿರುವಿನಲ್ಲಿ ನೆಟ್ಟಗೆ ಹೋದರೆ ಹೊರಕ್ಕೆ ಉರುಳುತ್ತದೆ. ಒಳಕ್ಕೆ ವಾಲಿದರೆ ಮಾತ್ರ ಸಮತೋಲ. ಎಷ್ಟು ವಾಲಬೇಕು ಎಂಬುದನ್ನು ಎರಡು ಸಂಗತಿಗಳು ತೀರ್ಮಾನಿಸುತ್ತವೆ: ನಿಮ್ಮ ವೇಗ ಮತ್ತು ತಿರುವು ಎಷ್ಟು ಕಿರಿದು ಎಂಬುದು. ಬುಲೆಟ್ ಆಗಲಿ, ಸ್ಪ್ಲೆಂಡರ್ ಆಗಲಿ, ಸವಾರ ದಪ್ಪಗಿರಲಿ, ಸಣ್ಣಗಿರಲಿ, ಮೂಲ ಲೆಕ್ಕ ಒಂದೇ.

40 ಮೀಟರ್ ತ್ರಿಜ್ಯದ ಒಂದು ತಿರುವು ತೆಗೆದುಕೊಳ್ಳೋಣ. ಸಮತಟ್ಟಾದ ರಸ್ತೆ ಎಂದು ಹಿಡಿದರೆ,

ಗಂಟೆಗೆ 40 ಕಿ.ಮೀ. ವೇಗದಲ್ಲಿ: ಸುಮಾರು 17 ಡಿಗ್ರಿ ವಾಲಬೇಕು
50 ಕಿ.ಮೀ. ವೇಗದಲ್ಲಿ: ಸುಮಾರು 26 ಡಿಗ್ರಿ
60 ಕಿ.ಮೀ. ವೇಗದಲ್ಲಿ: ಸುಮಾರು 35 ಡಿಗ್ರಿ

ಹತ್ತು ಕಿ.ಮೀ. ವೇಗ ಹೆಚ್ಚಾದರೆ ವಾಲುವಿಕೆ ಎಂಟೊಂಬತ್ತು ಡಿಗ್ರಿ ಏರುತ್ತದೆ. ಏಕೆಂದರೆ ಈ ಲೆಕ್ಕದಲ್ಲಿ ವೇಗದ ವರ್ಗ ಬರುತ್ತದೆ. ವೇಗ ಎರಡು ಪಟ್ಟಾದರೆ ಬೈಕನ್ನು ಹೊರಕ್ಕೆ ತಳ್ಳುವ ಪರಿಣಾಮ ನಾಲ್ಕು ಪಟ್ಟು.

ಘಾಟಿಯ ಹೇರ್‌ಪಿನ್ ಇನ್ನೂ ಕಿರಿದು. ಗುಡ್ಡಗಾಡು ರಸ್ತೆಯ ಹೇರ್‌ಪಿನ್‌ಗೆ ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾರ್ಗಸೂಚಿ ಕೊಡುವ ಕನಿಷ್ಠ ವಿನ್ಯಾಸ ವೇಗ ಗಂಟೆಗೆ 20 ಕಿ.ಮೀ. 15 ಮೀಟರ್ ತ್ರಿಜ್ಯದ ಅಂಥ ತಿರುವಿನಲ್ಲಿ 20 ಕಿ.ಮೀ. ವೇಗಕ್ಕೆ 12 ಡಿಗ್ರಿ ಸಾಕು. 30 ಕಿ.ಮೀ. ವೇಗಕ್ಕೆ 25 ಡಿಗ್ರಿ ಬೇಕು. 35ಕ್ಕೆ 33 ಡಿಗ್ರಿ ಸಮೀಪ. ಸ್ಪೀಡೋಮೀಟರ್‌ನಲ್ಲಿ ಐದೇ ಕಿ.ಮೀ. ವ್ಯತ್ಯಾಸ, ಆದರೆ ಬೈಕ್ ಇನ್ನೊಂದಿಷ್ಟು ಮಲಗಿರುತ್ತದೆ.

ಮನೆಯಂಗಳದಲ್ಲೇ ಅಳೆದು ನೋಡಿ

ನಿಮ್ಮ ಬೈಕ್ ಎಷ್ಟು ವಾಲಿದರೆ ಫುಟ್‌ರೆಸ್ಟ್ ನೆಲಕ್ಕೆ ತಾಗುತ್ತದೆ ಎಂದು ತಿಳಿಯಲು ರಸ್ತೆಗೆ ಹೋಗಬೇಕಿಲ್ಲ, ಹೋಗಲೂಬಾರದು. ಒಂದು ಟೇಪು, ಒಬ್ಬ ಸ್ನೇಹಿತ ಇದ್ದರೆ ಸಾಕು.

ಬೈಕ್ ಅನ್ನು ಸಮತಟ್ಟಾದ ನೆಲದಲ್ಲಿ ನೆಟ್ಟಗೆ ಹಿಡಿದು ನೀವು ಕೂತುಕೊಳ್ಳಿ. ಪ್ರಯಾಣದಲ್ಲಿ ಹಿಂದೆ ಯಾರಾದರೂ ಕೂರುವುದಿದ್ದರೆ ಅವರೂ ಕೂರಲಿ, ಏಕೆಂದರೆ ಭಾರಕ್ಕೆ ಶಾಕ್ ಅಬ್ಸಾರ್ಬರ್ ತಗ್ಗುತ್ತದೆ. ಸ್ನೇಹಿತ ಎರಡು ಅಳತೆ ತೆಗೆಯಲಿ:

ಮೊದಲನೆಯದು, ಫುಟ್‌ರೆಸ್ಟ್‌ನ ಹೊರತುದಿಯ ಕೆಳಭಾಗ ನೆಲದಿಂದ ಎಷ್ಟು ಎತ್ತರದಲ್ಲಿದೆ.
ಎರಡನೆಯದು, ಆ ತುದಿಯು ಟೈರ್‌ನ ನಡುಗೆರೆಯಿಂದ ಪಕ್ಕಕ್ಕೆ ಎಷ್ಟು ದೂರದಲ್ಲಿದೆ.

ಎತ್ತರವನ್ನು ದೂರದಿಂದ ಭಾಗಿಸಿ. ಬರುವ ಸಂಖ್ಯೆ 0.75 ಆದರೆ ಸುಮಾರು 37 ಡಿಗ್ರಿಯಲ್ಲಿ ತಾಗುತ್ತದೆ. 0.6 ಆದರೆ 31 ಡಿಗ್ರಿ. 0.5 ಆದರೆ 27 ಡಿಗ್ರಿಯೊಳಗೆ. 0.4 ಆದರೆ 22 ಡಿಗ್ರಿ. ಸಂಖ್ಯೆ ಚಿಕ್ಕದಾದಷ್ಟೂ ಬೇಗ ತಾಗುತ್ತದೆ.

ಒಂದು ಉದಾಹರಣೆ. ಕಂಪನಿ ಫುಟ್‌ರೆಸ್ಟ್ ನೆಲದಿಂದ 30 ಸೆಂ.ಮೀ. ಎತ್ತರ, ನಡುಗೆರೆಯಿಂದ 40 ಸೆಂ.ಮೀ. ದೂರ ಇದೆ ಎನ್ನಿ. ಭಾಗಿಸಿದರೆ 0.75. ಈಗ ಲೆಗ್ ಗಾರ್ಡಿನ ಕೆಳಪೈಪಿಗೆ ಉದ್ದನೆಯ ಹೈವೇ ಫುಟ್‌ರೆಸ್ಟ್ ಹಾಕಿಸಿದಿರಿ. ಅದರ ತುದಿ 26 ಸೆಂ.ಮೀ. ಎತ್ತರ, 52 ಸೆಂ.ಮೀ. ದೂರ. ಭಾಗಿಸಿದರೆ 0.5.

ಈ ವ್ಯತ್ಯಾಸದ ಅರ್ಥವೇನು? ಮೇಲಿನ 40 ಮೀಟರ್ ತಿರುವಿನಲ್ಲಿ ಕಂಪನಿ ಫುಟ್‌ರೆಸ್ಟ್ ತಾಗಬೇಕಾದರೆ ವೇಗ 60 ಕಿ.ಮೀ. ದಾಟಬೇಕು. ಹೈವೇ ಫುಟ್‌ರೆಸ್ಟ್ 50 ಕಿ.ಮೀ. ವೇಗದಲ್ಲೇ ತಾಗುತ್ತದೆ. 15 ಮೀಟರ್ ಹೇರ್‌ಪಿನ್‌ನಲ್ಲಿ 31 ಕಿ.ಮೀ. ವೇಗಕ್ಕೇ ತಾಗುತ್ತದೆ. ಇದು ರೇಸ್ ಓಡಿಸುವವರ ವೇಗವಲ್ಲ, ಸಂಸಾರಸ್ಥರು ಹೋಗುವ ವೇಗ. ಹಿಂದೆ ಕಾಲು ಇಟ್ಟಿದ್ದೀರೋ ಮುಂದೆ ಇಟ್ಟಿದ್ದೀರೋ ಎಂಬುದೂ ಇಲ್ಲಿ ಮುಖ್ಯವಲ್ಲ. ಫುಟ್‌ರೆಸ್ಟ್ ಅಲ್ಲಿ ಚಾಚಿಕೊಂಡಿದ್ದರೆ ಸಾಕು, ತಾಗುತ್ತದೆ.

ಈ ಅಳತೆಯನ್ನು ಅಂದಾಜು ಎಂದೇ ತಿಳಿಯಿರಿ. ನಿಜವಾದ ರಸ್ತೆಯಲ್ಲಿ ಪರಿಸ್ಥಿತಿ ಇದಕ್ಕಿಂತ ಕೆಟ್ಟದಾಗಿರಬಹುದು. ತಿರುವಿನಲ್ಲಿ ಮುಂದಿನ ಬ್ರೇಕ್ ಹಿಡಿದರೆ ಬೈಕ್‌ನ ಮುಂಭಾಗ ತಗ್ಗುತ್ತದೆ, ಹೈವೇ ಫುಟ್‌ರೆಸ್ಟ್ ಇರುವುದು ಮುಂಭಾಗದಲ್ಲೇ. ರಸ್ತೆ ಹೊರಕ್ಕೆ ಇಳಿಜಾರಾಗಿದ್ದರೆ, ಒಳಬದಿಯಲ್ಲಿ ಡಾಂಬರಿನ ಉಬ್ಬು ಇದ್ದರೆ ಇನ್ನೂ ಬೇಗ ತಾಗುತ್ತದೆ.

ಆದ್ದರಿಂದ ಒಂದು ಸರಳ ನಿಯಮ ನೆನಪಿಡಿ: ಹೈವೇ ಫುಟ್‌ರೆಸ್ಟ್‌ನ ಸಂಖ್ಯೆ ಕಂಪನಿ ಫುಟ್‌ರೆಸ್ಟ್‌ನ ಸಂಖ್ಯೆಗಿಂತ ಕಡಿಮೆ ಬರಬಾರದು. ಕಡಿಮೆ ಬಂದರೆ ಅದನ್ನು ಮೇಲಕ್ಕೆ ಏರಿಸಬೇಕು, ಇಲ್ಲವೇ ಗಿಡ್ಡದ್ದು ಹಾಕಿಸಬೇಕು, ಎರಡೂ ಆಗದಿದ್ದರೆ ಹಾಕಿಸಲೇಬಾರದು.

ತಾಗಿದರೆ ತಾಗಲಿ, ಏನಾಗುತ್ತದೆ?

ಕಂಪನಿಯ ಫುಟ್‌ರೆಸ್ಟ್ ಅನ್ನು ಗಮನಿಸಿ. ಕೈಯಲ್ಲಿ ಎತ್ತಿದರೆ ಅದು ಮೇಲಕ್ಕೆ ಮಡಚಿಕೊಳ್ಳುತ್ತದೆ. ಹಲವು ಬೈಕ್‌ಗಳಲ್ಲಿ ಅದರ ತುದಿಯಲ್ಲಿ ಕೆಳಕ್ಕೆ ಇಳಿಬಿದ್ದ ಒಂದು ಸಣ್ಣ ಬೋಲ್ಟ್ ಕೂಡ ಇರುತ್ತದೆ. ಅದು ಅಲಂಕಾರಕ್ಕಲ್ಲ. ಬೈಕ್ ಮಿತಿಮೀರಿ ವಾಲಿದಾಗ ಮೊದಲು ಆ ಬೋಲ್ಟ್ ನೆಲಕ್ಕೆ ಉಜ್ಜಿ ಸದ್ದು ಮಾಡುತ್ತದೆ. ನಂತರ ಫುಟ್‌ರೆಸ್ಟ್ ಮಡಚಿಕೊಳ್ಳುತ್ತದೆ. ಸವಾರನಿಗೆ "ಇಲ್ಲಿಗೆ ಸಾಕು" ಎಂಬ ಎಚ್ಚರಿಕೆ ಸಿಗುತ್ತದೆ, ಟೈರ್‌ಗಳು ರಸ್ತೆಯಲ್ಲೇ ಉಳಿಯುತ್ತವೆ.

ಅಗ್ಗದ ಹೈವೇ ಫುಟ್‌ರೆಸ್ಟ್‌ಗಳಲ್ಲಿ ಹಲವು ಮಡಚುವುದೇ ಇಲ್ಲ. ಗಟ್ಟಿ ಕಬ್ಬಿಣ, ಗಟ್ಟಿ ಪೈಪಿಗೆ ಬಿಗಿದದ್ದು. ಅದು ನೆಲಕ್ಕೆ ಊರಿದರೆ ಬೈಕ್‌ನ ಭಾರದ ಒಂದು ಪಾಲು ಆ ಕಬ್ಬಿಣದ ಮೇಲೆ ಬೀಳುತ್ತದೆ. ಅಷ್ಟು ಭಾರ ಟೈರ್ ಮೇಲಿಂದ ಕಡಿಮೆಯಾಗುತ್ತದೆ. ಹೈವೇ ಫುಟ್‌ರೆಸ್ಟ್ ಮುಂದಿನ ಚಕ್ರಕ್ಕೆ ಹತ್ತಿರ ಇರುವುದರಿಂದ ಹಿಡಿತ ಕಳೆದುಕೊಳ್ಳುವುದು ಹೆಚ್ಚಾಗಿ ಮುಂದಿನ ಟೈರೇ. ಹಿಂದಿನ ಟೈರ್ ಜಾರಿದರೆ ಕೆಲವೊಮ್ಮೆ ಸಾವರಿಸಿಕೊಳ್ಳಬಹುದು. ವಾಲಿದ ಬೈಕ್‌ನ ಮುಂದಿನ ಟೈರ್ ಜಾರಿದರೆ ಸಾವರಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ.

ಅದೂ ಅಲ್ಲದೆ, ಕರ್ರ್ ಎಂಬ ಸದ್ದಿಗೆ ಬೆಚ್ಚಿ ಸವಾರ ಬೈಕ್ ಅನ್ನು ಥಟ್ಟನೆ ನೆಟ್ಟಗೆ ಮಾಡಿಬಿಡುತ್ತಾನೆ. ನೆಟ್ಟಗಾದ ಬೈಕ್ ತಿರುಗುವುದಿಲ್ಲ, ನೇರ ಹೋಗುತ್ತದೆ. ಎಡ ತಿರುವಿನಲ್ಲಾದರೆ ಎದುರಿನ ಲಾರಿಯ ಕಡೆಗೆ, ಬಲ ತಿರುವಿನಲ್ಲಾದರೆ ರಸ್ತೆಯಂಚಿನ ಕಡೆಗೆ. ಘಾಟಿಯಲ್ಲಿ ರಸ್ತೆಯಂಚು ಎಂದರೆ ಏನೆಂದು ವಿವರಿಸಬೇಕಿಲ್ಲ.

ಹೇಳಿಕೆ 3: "ಬ್ರೇಕ್ ಬೇಕಾದಾಗ ಕಾಲು ವಾಪಸ್ ತಂದರಾಯಿತು"
ನಮ್ಮ ತೀರ್ಪು: ದಾರಿ ತಪ್ಪಿಸುವ ಮಾತು

ಕಾಲು ಹೈವೇ ಫುಟ್‌ರೆಸ್ಟ್ ಮೇಲಿದೆ. ನಾಯಿ ಅಡ್ಡ ಬಂತು. ಕಾಲು ಎತ್ತಬೇಕು, ಹಿಂದಕ್ಕೆ ತರಬೇಕು, ಫುಟ್‌ರೆಸ್ಟ್ ಹುಡುಕಬೇಕು, ಆಮೇಲೆ ಬ್ರೇಕ್ ಪೆಡಲ್ ಹುಡುಕಬೇಕು. ಇದಕ್ಕೆ ಅರ್ಧ ಸೆಕೆಂಡ್ ಎಂದೇ ಇಟ್ಟುಕೊಳ್ಳೋಣ. ಆ ಅರ್ಧ ಸೆಕೆಂಡಿನಲ್ಲಿ ಬೈಕ್ ಎಷ್ಟು ದೂರ ಹೋಗಿರುತ್ತದೆ?

40 ಕಿ.ಮೀ. ವೇಗದಲ್ಲಿ: ಐದೂವರೆ ಮೀಟರ್
60 ಕಿ.ಮೀ. ವೇಗದಲ್ಲಿ: 8 ಮೀಟರ್‌ಗೂ ಹೆಚ್ಚು
80 ಕಿ.ಮೀ. ವೇಗದಲ್ಲಿ: 11 ಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಕೆಎಸ್‌ಆರ್‌ಟಿಸಿ ಬಸ್ಸಿನ ಉದ್ದ

ಇದು ಅಪಾಯ ಕಂಡು, ಮೆದುಳು ಗ್ರಹಿಸಲು ತಗಲುವ ಸಮಯದ ಮೇಲೆ ಹೆಚ್ಚುವರಿಯಾಗಿ ಸೇರುವ ದೂರ. "ಮುಂದಿನ ಬ್ರೇಕ್ ಕೈಯಲ್ಲೇ ಇದೆಯಲ್ಲ" ಎನ್ನಬಹುದು. ಇದೆ, ನಿಜ. ಬೈಕ್ ನಿಲ್ಲಿಸುವುದರಲ್ಲಿ ದೊಡ್ಡ ಪಾಲು ಅದರದ್ದೇ. ಆದರೆ ಕಾಲು ಗಾಳಿಯಲ್ಲಿರುವಾಗ ಅದನ್ನು ಜೋರಾಗಿ ಹಿಡಿದರೆ ದೇಹ ಮುಂದಕ್ಕೆ ಜಾರುತ್ತದೆ, ಇಡೀ ಭಾರ ಹ್ಯಾಂಡಲ್ ಮೇಲೆ ಬೀಳುತ್ತದೆ. ಮಂಡಿಯಿಂದ ಟ್ಯಾಂಕ್ ಒತ್ತಿ ಹಿಡಿದು, ಫುಟ್‌ರೆಸ್ಟ್ ಮೇಲೆ ಕಾಲು ಊರಿದ್ದರೆ ಹೀಗಾಗುವುದಿಲ್ಲ.

ಎಬಿಎಸ್ ಇದೆಯಲ್ಲ ಎಂದೂ ಕೆಲವರು ಕೇಳುತ್ತಾರೆ. ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ಎಬಿಎಸ್ ನೋಡಿಕೊಳ್ಳುತ್ತದೆ. ಒತ್ತದ ಬ್ರೇಕ್ ಅನ್ನು ಅದು ಒತ್ತುವುದಿಲ್ಲ.

ಘಾಟಿ ಇಳಿಯುವಾಗ ಎಡಗಾಲಿಗೂ ಅಷ್ಟೇ ಕೆಲಸವಿದೆ. ಗೇರ್ ಇಳಿಸಿ ಎಂಜಿನ್ ಹಿಡಿತದಲ್ಲಿ ಇಳಿಯಬೇಕು. ಬರೀ ಬ್ರೇಕ್ ಒತ್ತುತ್ತಾ ಇಳಿದರೆ ಬ್ರೇಕ್ ಬಿಸಿಯಾಗಿ ಕಚ್ಚುವುದು ಕಡಿಮೆಯಾಗುತ್ತದೆ. ಎರಡೂ ಕಾಲು ಮುಂದಿಟ್ಟವರಿಗೆ ಗೇರೂ ಇಲ್ಲ, ಹಿಂದಿನ ಬ್ರೇಕೂ ಇಲ್ಲ.

ಹೇಳಿಕೆ 4: "ಅವೆಂಜರ್, ಮೀಟಿಯರ್‌ನಲ್ಲಿ ಕಾಲು ಮುಂದೆಯೇ ಇರುತ್ತದೆ, ಅದಕ್ಕಿಲ್ಲದ ಅಪಾಯ ಇದಕ್ಕೇಕೆ?"
ನಮ್ಮ ತೀರ್ಪು: ಹೋಲಿಕೆಯೇ ತಪ್ಪು

ಬಜಾಜ್ ಅವೆಂಜರ್, ರಾಯಲ್ ಎನ್‌ಫೀಲ್ಡ್ ಮೀಟಿಯರ್‌ನಂಥ ಕ್ರೂಸರ್ ಬೈಕ್‌ಗಳಲ್ಲಿ ಫುಟ್‌ರೆಸ್ಟ್ ಜೊತೆಗೆ ಬ್ರೇಕ್ ಪೆಡಲ್, ಗೇರ್ ಲಿವರ್ ಕೂಡ ಮುಂದಕ್ಕೆ ಬಂದಿರುತ್ತವೆ. ಕಾಲು ಎಲ್ಲಿದೆಯೋ ಅಲ್ಲೇ ಬ್ರೇಕ್. ಸೀಟಿನ ಎತ್ತರ, ಹ್ಯಾಂಡಲ್‌ನ ಆಕಾರ, ಎಲ್ಲವನ್ನೂ ಆ ಭಂಗಿಗೆ ಹೊಂದುವಂತೆ ಮಾಡಿರುತ್ತಾರೆ. ಹೈವೇ ಫುಟ್‌ರೆಸ್ಟ್‌ನಲ್ಲಿ ಕಾಲು ಮಾತ್ರ ಮುಂದೆ ಹೋಗುತ್ತದೆ, ಬ್ರೇಕ್ ಹಿಂದೆಯೇ ಉಳಿಯುತ್ತದೆ. ಎರಡೂ ನೋಡಲು ಒಂದೇ ಥರ, ಕೆಲಸ ಬೇರೆ.

ಇದೇ ಸಾಲಿನ ಇನ್ನೊಂದು ವಾದ: "ಮೋಟೋಜಿಪಿ ರೇಸರ್‌ಗಳು ತಿರುವಿನಲ್ಲಿ ಕಾಲು ಹೊರಗೆ ಚಾಚುತ್ತಾರಲ್ಲ?" ಅವರು ಚಾಚುವುದು ತಿರುವಿಗೆ ಮೊದಲು, ಜೋರಾಗಿ ಬ್ರೇಕ್ ಹಿಡಿಯುವಾಗ. ಬೈಕ್ ವಾಲಿಸುವ ಹೊತ್ತಿಗೆ ಕಾಲು ಫುಟ್‌ರೆಸ್ಟ್ ಮೇಲೆ ವಾಪಸ್ ಬಂದಿರುತ್ತದೆ. ಅಲ್ಲದೆ ರೇಸ್ ಬೈಕ್‌ನ ಫುಟ್‌ರೆಸ್ಟ್ ಎತ್ತರದಲ್ಲಿ, ಹಿಂದಕ್ಕೆ ಇರುತ್ತದೆ. ವಾಲಿದಾಗ ನೆಲಕ್ಕೆ ತಾಗಬಾರದು ಎಂಬುದೇ ಅದಕ್ಕೂ ಒಂದು ಕಾರಣ.

ಹೇಳಿಕೆ 5: "ಬಿದ್ದರೂ ಲೆಗ್ ಗಾರ್ಡ್ ಕಾಲು ಕಾಪಾಡುತ್ತದೆ"
ನಮ್ಮ ತೀರ್ಪು: ಕಾಲು ಹಿಂದಿದ್ದರೆ ಮಾತ್ರ

ಬೈಕ್ ಪಕ್ಕಕ್ಕೆ ಬಿದ್ದಾಗ ಲೆಗ್ ಗಾರ್ಡ್ ನೆಲಕ್ಕೆ ಊರಿ, ಬೈಕ್ ಮತ್ತು ರಸ್ತೆಯ ನಡುವೆ ಒಂದು ಸಂದಿ ಉಳಿಸುತ್ತದೆ. ಕಂಪನಿ ಫುಟ್‌ರೆಸ್ಟ್ ಮೇಲಿರುವ ಕಾಲು ಆ ಸಂದಿಯೊಳಗೆ ಬರುತ್ತದೆ, ಜಜ್ಜಿಹೋಗುವುದು ತಪ್ಪುತ್ತದೆ. ಹೈವೇ ಫುಟ್‌ರೆಸ್ಟ್ ಮೇಲೆ ಇಟ್ಟ ಕಾಲು ಇರುವುದು ಗಾರ್ಡಿನ ಹೊರಗೆ, ಅದರ ಮುಂದೆ. ಬಿದ್ದರೆ ಗಾರ್ಡ್ ಮತ್ತು ರಸ್ತೆಯ ನಡುವೆ ಸಿಕ್ಕಿಕೊಳ್ಳುವುದು ಆ ಕಾಲೇ. ಕಾಪಾಡಬೇಕಾದ ಕಬ್ಬಿಣವೇ ಕಾಲಿನ ಮೇಲೆ ಬೀಳುತ್ತದೆ.

ಎದುರಿನ ಅಥವಾ ಪಕ್ಕದ ವಾಹನ ತಗುಲಿದರೂ ಮೊದಲ ಏಟು ಚಾಚಿದ ಪಾದಕ್ಕೆ. ಊರೊಳಗಿನ ಟ್ರಾಫಿಕ್‌ನಲ್ಲಂತೂ ಚಾಚಿಕೊಂಡ ಫುಟ್‌ರೆಸ್ಟ್ ಪಕ್ಕದವರ ಕಾಲಿಗೆ, ಕಾರಿನ ಬಂಪರಿಗೆ ತಗುಲಿ ಜಗಳಕ್ಕೂ ದಾರಿ.

ಹಾಕಿಸಲೇಬೇಕು ಎಂದಾದರೆ

ಬೈಕ್ ಹೆಚ್ಚಾಗಿ ಬಯಲುಸೀಮೆಯ ನೇರ ರಸ್ತೆಯಲ್ಲೇ ಓಡುತ್ತದೆ, ಒಬ್ಬರೇ ಹೋಗುತ್ತೀರಿ, ಮಂಡಿಗೆ ಸ್ವಲ್ಪ ಬಿಡುವು ಬೇಕು ಎನ್ನುವವರು ಹಾಕಿಸಬಹುದು. ಆದರೆ ಇಷ್ಟನ್ನು ನೋಡಿಕೊಳ್ಳಿ.

1. ಮಡಚುವಂಥದ್ದೇ ತೆಗೆದುಕೊಳ್ಳಿ. ನೆಲಕ್ಕೆ ತಾಗಿದರೆ ಮೇಲಕ್ಕೆ, ಹಿಂದಕ್ಕೆ ಮಡಚಿಕೊಳ್ಳಬೇಕು. ಬೇಡವಾದಾಗ ಮಡಚಿ ಒಳಗೆ ಸೇರಿಸುವಂತಿರಬೇಕು. ಘಾಟಿ, ಊರು, ಟ್ರಾಫಿಕ್ ಬಂದಾಗ ಮಡಚಿಯೇ ಇರಲಿ.

2. ಎತ್ತರದಲ್ಲಿ, ಒಳಕ್ಕೆ ಬಿಗಿಸಿ. ಗಾರ್ಡಿನ ಅತಿ ಅಗಲವಾದ ಮೂಲೆಗೆ ಬೇಡ. ಮೇಲೆ ಹೇಳಿದ ಭಾಗಾಕಾರದ ಲೆಕ್ಕ ಮಾಡಿಯೇ ಜಾಗ ತೀರ್ಮಾನಿಸಿ.

3. ಕ್ಲ್ಯಾಂಪ್ ಪೈಪಿನ ಅಳತೆಗೆ ಸರಿಹೊಂದಬೇಕು. ದೊಡ್ಡ ಕ್ಲ್ಯಾಂಪಿಗೆ ಹಳೇ ಟ್ಯೂಬಿನ ತುಂಡು ಸುತ್ತಿ ಬಿಗಿದರೆ ಕಾಲಿನ ಭಾರಕ್ಕೆ ಅದು ನಿಧಾನವಾಗಿ ಕೆಳಕ್ಕೆ ತಿರುಗುತ್ತದೆ. ಮೊದಲ ದಿನ 30 ಸೆಂ.ಮೀ. ಎತ್ತರ ಇದ್ದದ್ದು ತಿಂಗಳಲ್ಲಿ 25ಕ್ಕೆ ಇಳಿದಿರುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಬೋಲ್ಟಿಗೆ ಸಡಿಲವಾಗದ ಲಾಕ್ ನಟ್ ಹಾಕಿಸಿ. ಕ್ಲ್ಯಾಂಪ್ ಮತ್ತು ಪೈಪ್ ಸೇರುವ ಕಡೆ ಬಣ್ಣದಿಂದ ಒಂದು ಗೆರೆ ಎಳೆದಿಡಿ. ಗೆರೆ ತಪ್ಪಿದ್ದರೆ ಜರುಗಿದೆ ಎಂದರ್ಥ. ಮೊದಲ ಸವಾರಿ ಮುಗಿದ ಮೇಲೆ ಒಮ್ಮೆ ಬಿಗಿ ನೋಡಿ, ಆಮೇಲೆ ಪ್ರತಿ ಸರ್ವೀಸಿನಲ್ಲಿ.

4. ಲೆಗ್ ಗಾರ್ಡ್ ಗಟ್ಟಿಯಾಗಿದೆಯೇ ನೋಡಿ. ತೆಳು ಪೈಪಿನ ಅಗ್ಗದ ಗಾರ್ಡ್ ಕಾಲಿನ ಭಾರ ಮತ್ತು ಅದುರಾಟಕ್ಕೆ ವೆಲ್ಡಿಂಗ್ ಜಾಗದಲ್ಲಿ ಬಿರುಕು ಬಿಡಬಹುದು.

5. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ. ಮಂಡಿಗೆ ತಗುಲಬಾರದು. ಶೂ ಲೇಸ್ ಸಿಕ್ಕಿಕೊಳ್ಳುವಂಥ ಚೂಪು ತುದಿ ಇರಬಾರದು.

6. ಚಾಸಿಗೆ ತೂತು ಕೊರೆಯುವುದು, ವೆಲ್ಡ್ ಮಾಡಿಸುವುದು, ಕಂಪನಿ ಫುಟ್‌ರೆಸ್ಟ್ ತೆಗೆಯುವುದು ಖಂಡಿತ ಬೇಡ. ಚಾಸಿ ದುರ್ಬಲವಾಗುವುದು ಒಂದು ಕಾರಣ, ಕಾನೂನು ಇನ್ನೊಂದು. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯ ಪ್ರಕಾರ ಕಾನೂನುಬಾಹಿರ ಮಾರ್ಪಾಡಿಗೆ ಆರು ತಿಂಗಳವರೆಗೆ ಜೈಲು, ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಹಿಂಬದಿ ಸವಾರರ ಫುಟ್‌ರೆಸ್ಟ್ ಕೂಡ ಕೇಂದ್ರ ಮೋಟಾರು ವಾಹನ ನಿಯಮ 123ರ ಪ್ರಕಾರ ಕಡ್ಡಾಯ, ಅದನ್ನೂ ಮುಟ್ಟಬೇಡಿ.

ಕಾಲು ಯಾವಾಗ ವಾಪಸ್ ಬರಬೇಕು?

ಎಚ್ಚರಿಕೆಯಿಂದ ಹಾಕಿಸಿದವರೂ ಎಡವುವುದು ಇಲ್ಲೇ. ತಿರುವು ಕಂಡ ಮೇಲೆ ಕಾಲು ತರುವುದಲ್ಲ, ತಿರುವಿನ ಫಲಕ ಕಂಡಾಗಲೇ ತರಬೇಕು. ಮುಂದೆ ಊರಿದೆ, ಕೂಡುರಸ್ತೆ ಇದೆ, ಹಂಪ್ ಇದೆ, ಮುಂದಿನ ವಾಹನದ ಬ್ರೇಕ್ ಲೈಟ್ ಹೊತ್ತಿದೆ, ರಸ್ತೆ ಒದ್ದೆಯಾಗಿದೆ, ಕತ್ತಲಾಗಿದೆ, ಓವರ್‌ಟೇಕ್ ಮಾಡಬೇಕಿದೆ ಎಂದಾಗಲೆಲ್ಲ ಕಾಲು ಕಂಪನಿ ಫುಟ್‌ರೆಸ್ಟ್ ಮೇಲಿರಬೇಕು. ಎರಡೂ ಕಾಲು ಒಟ್ಟಿಗೆ ಮುಂದಿಡುವ ಬದಲು ಎಡಗಾಲು ಸ್ವಲ್ಪ ಹೊತ್ತು ಚಾಚಿ, ಬಲಗಾಲು ಬ್ರೇಕ್ ಬಳಿಯೇ ಇರಲಿ. ಹಿಂದೆ ಯಾರಾದರೂ ಕೂತಿದ್ದರೆ ಬೈಕ್ ತಗ್ಗಿರುತ್ತದೆ, ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ, ಅವರ ಜೀವವೂ ನಿಮ್ಮ ಕಾಲಿನ ಮೇಲೆ ನಿಂತಿರುತ್ತದೆ. ಆಗ ಹೈವೇ ಫುಟ್‌ರೆಸ್ಟ್ ಬಳಸಲೇಬೇಡಿ.

ಇಷ್ಟೆಲ್ಲ ಷರತ್ತು ಹಾಕಿದ ಮೇಲೆ ನಮ್ಮ ರಸ್ತೆಯಲ್ಲಿ ಅದನ್ನು ಬಳಸಲು ಎಷ್ಟು ಹೊತ್ತು ಉಳಿಯುತ್ತದೆ ಎಂದು ನೀವೇ ಲೆಕ್ಕ ಹಾಕಿ.

ಹಾಗಾದರೆ ಸೊಂಟನೋವಿಗೆ ಏನು ಮಾಡುವುದು?

ಗಂಟೆಗೊಮ್ಮೆ ಬೈಕ್ ನಿಲ್ಲಿಸಿ ಐದು ನಿಮಿಷ ನಡೆದಾಡಿ. ಇದಕ್ಕೆ ಖರ್ಚಿಲ್ಲ, ಅಪಾಯವಿಲ್ಲ. ಕೂತಾಗ ಮಂಡಿಯಿಂದ ಟ್ಯಾಂಕ್ ಹಿಡಿದು ಬೆನ್ನು ನೆಟ್ಟಗಿಡಿ. ಕೈ ಸಡಿಲವಾಗಿರಲಿ. ಹ್ಯಾಂಡಲ್ ತೀರಾ ದೂರವೆನಿಸಿದರೆ, ಸೀಟಿನ ಫೋಮ್ ಕುಸಿದಿದ್ದರೆ ಅದನ್ನು ಸರಿಪಡಿಸಿ. ಟೈರ್ ಗಾಳಿ ಕಂಪನಿ ಹೇಳಿದಷ್ಟಿರಲಿ, ಹೆಚ್ಚಾದರೆ ಪ್ರತಿ ಗುಂಡಿಯೂ ಸೊಂಟಕ್ಕೆ ಮುಟ್ಟುತ್ತದೆ. ಹಿಂದಿನ ಶಾಕ್ ಅಬ್ಸಾರ್ಬರ್ ಹೊಂದಿಸುವ ಸೌಲಭ್ಯ ಇದ್ದರೆ ಭಾರಕ್ಕೆ ತಕ್ಕಂತೆ ಹೊಂದಿಸಿಕೊಳ್ಳಿ. ನೋವು ಕಾಲಿಗೆ ಇಳಿಯುತ್ತಿದ್ದರೆ, ಜೋಮು ಹಿಡಿಯುತ್ತಿದ್ದರೆ ಅದು ಬೈಕ್ ಅಂಗಡಿಯ ಸಮಸ್ಯೆಯಲ್ಲ, ವೈದ್ಯರಿಗೆ ತೋರಿಸಬೇಕಾದದ್ದು.

ತೀರ್ಮಾನ

ವಿಡಿಯೋ ತೋರಿಸುವುದು ನೇರ ರಸ್ತೆಯ ಹತ್ತು ಸೆಕೆಂಡುಗಳನ್ನು. ಅದರಲ್ಲಿ ತಿರುವಿಲ್ಲ, ಗುಂಡಿಯಿಲ್ಲ, ಅಡ್ಡ ಬರುವ ನಾಯಿಯಿಲ್ಲ. ಅದನ್ನು ನೋಡಿ ಘಾಟಿಗೂ ಇದೇ ಸರಿ ಎಂದುಕೊಂಡರೆ ತಪ್ಪು ವಿಡಿಯೋದ್ದಷ್ಟೇ ಅಲ್ಲ, ಯೋಚಿಸದೆ ಮುಂದಕ್ಕೆ ಕಳಿಸಿದ ನಮ್ಮದೂ ಹೌದು.

ತಿಪಟೂರಿನ ಓದುಗರಿಗೆ ನಾವು ಹೇಳಿದ್ದು ಇಷ್ಟೇ: ಈ ಪ್ರಯಾಣಕ್ಕೆ ಹಾಕಿಸಬೇಡಿ. ಬೆಳಿಗ್ಗೆ ಬೇಗ ಹೊರಡಿ, ಅರಸೀಕೆರೆಯಲ್ಲೊಮ್ಮೆ, ಬೇಲೂರಿನಲ್ಲೊಮ್ಮೆ, ಮೂಡಿಗೆರೆಯಲ್ಲೊಮ್ಮೆ ನಿಲ್ಲಿಸಿ ಕಾಫಿ ಕುಡಿಯಿರಿ. ಅಮ್ಮನ ಸೊಂಟಕ್ಕೂ ಅದೇ ಒಳ್ಳೆಯದು. ಕೊಟ್ಟಿಗೆಹಾರ ದಾಟಿದ ಮೇಲೆ ಗೇರ್ ಇಳಿಸಿ, ಎರಡೂ ಕಾಲು ಕಂಪನಿ ಫುಟ್‌ರೆಸ್ಟ್ ಮೇಲಿಟ್ಟು, ನಿಧಾನವಾಗಿ ಘಾಟಿ ಇಳಿಯಿರಿ.

ಆ ವಿಡಿಯೋ ನಿಮ್ಮ ಗುಂಪಿಗೂ ಬಂದಿದ್ದರೆ, ಅದರ ಕೆಳಗೆ ಈ ಮೂರು ಸಾಲು ಹಾಕಿ:

"ಹೈವೇ ಫುಟ್‌ರೆಸ್ಟ್ ನೇರ ರಸ್ತೆಗೆ ಮಾತ್ರ. ಅಲ್ಲಿ ಬ್ರೇಕೂ ಇಲ್ಲ, ಗೇರೂ ಇಲ್ಲ. ತಿರುವು ಬರುವ ಮೊದಲೇ ಕಾಲು ವಾಪಸ್ ತನ್ನಿ, ಘಾಟಿಯಲ್ಲಿ ಮಡಚಿಡಿ."